ಹಸಿರಿನ ನಂಟು ಬೆಳೆಯುವ ವಯಸ್ಸು

ಮರ, ಹಕ್ಕಿ, ಹಳ್ಳ, ಹುಳು, ಮಣ್ಣು ಇವುಗಳ ಬಗ್ಗೆ ದೊಡ್ಡವರಲ್ಲಿ ಕಾಣುವ ಅಕ್ಕರೆಯಾಗಲಿ ಅಸಡ್ಡೆಯಾಗಲಿ ಬಹುಮಟ್ಟಿಗೆ ಚಿಕ್ಕಂದಿನಲ್ಲೇ ಬೇರೂರಿರುತ್ತದೆ. ಊರ ಹಿರಿಯರು ಯಾವ ಸಂಶೋಧನೆಯ ಹಂಗೂ ಇಲ್ಲದೆ ಹೇಳಬಲ್ಲ ಮಾತಿದು. ಆದರೆ ಯಾವ ವಯಸ್ಸಿನ ಒಡನಾಟ, ಎಂಥ ಒಡನಾಟ, ಯಾರ ಜೊತೆಗಿನ ಒಡನಾಟ ಮುಂದಿನ ಬದುಕಿನಲ್ಲಿ ಉಳಿಯುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಕಳೆದ ನಾಲ್ಕು ದಶಕಗಳಿಂದ ಮನೋವಿಜ್ಞಾನಿಗಳೂ ಶಿಕ್ಷಣತಜ್ಞರೂ ಇದನ್ನು ಕೆದಕಿ ನೋಡುತ್ತಾ ಬಂದಿದ್ದಾರೆ. ಅವರ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಮಗುವನ್ನು ಎಲ್ಲೋ ಕರೆದೊಯ್ದು ಪ್ರಕೃತಿಯನ್ನು ತೋರಿಸಿ ತರುವುದಕ್ಕಿಂತ, ಮನೆಗೆ ಹತ್ತಿರದ ಒಂದು ಜಾಗವನ್ನು ಮತ್ತೆ ಮತ್ತೆ, ತನ್ನಿಷ್ಟದಂತೆ, ಕೈಯಾರೆ ಮುಟ್ಟಿ ತಿಳಿಯಲು ಬಿಡುವುದು ಹೆಚ್ಚು ಫಲ ಕೊಡುತ್ತದೆ.

ಈ ಹುಡುಕಾಟಕ್ಕೆ ದಾರಿ ತೆರೆದದ್ದು ಅಮೆರಿಕದ ಶಿಕ್ಷಣತಜ್ಞ ಥಾಮಸ್ ಟ್ಯಾನರ್ 1980ರಲ್ಲಿ ಪ್ರಕಟಿಸಿದ ಒಂದು ಸರಳ ಅಧ್ಯಯನ. ವನ್ಯಜೀವಿ ಮತ್ತು ಪರಿಸರ ರಕ್ಷಣೆಯ ಸಂಸ್ಥೆಗಳಲ್ಲಿ ದುಡಿಯುತ್ತಿದ್ದವರನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮನ್ನು ಈ ಕೆಲಸಕ್ಕೆ ಎಳೆದು ತಂದದ್ದು ಯಾವುದು? ಬಂದ ಉತ್ತರಗಳಲ್ಲಿ ಪುಸ್ತಕಗಳಿದ್ದವು, ಮೇಷ್ಟರಿದ್ದರು, ಅಪ್ಪ ಅಮ್ಮ ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಂಡದ್ದು ಮಾತ್ರ ಎಳವೆಯಲ್ಲಿ ಮನೆಯ ಹೊರಗೆ, ಹೆಚ್ಚು ಕೆಡದೆ ಉಳಿದ ಕಾಡು, ಹೊಳೆ, ಬಯಲುಗಳಲ್ಲಿ ಕಳೆದ ಹೊತ್ತು.

ಲೂಯಿಸ್ ಚಾವ್ಲಾ 1990ರ ದಶಕದಲ್ಲಿ ಈ ಪ್ರಶ್ನೆಯನ್ನು ಇನ್ನಷ್ಟು ಆಳಕ್ಕೆ ಒಯ್ದರು. ಅಮೆರಿಕದ ಕೆಂಟಕಿ ರಾಜ್ಯ ಮತ್ತು ನಾರ್ವೆ ದೇಶದ 56 ಪರಿಸರ ಕಾರ್ಯಕರ್ತರನ್ನು ಅವರು ಮಾತಾಡಿಸಿದರು. ಕೆಂಟಕಿಗೂ ನಾರ್ವೆಗೂ ಹವೆ ಬೇರೆ, ರಾಜಕೀಯ ಬೇರೆ, ಬದುಕಿನ ರೀತಿ ಬೇರೆ. ಹಾಗಿದ್ದೂ ಎರಡೂ ಕಡೆಯ ನೆನಪುಗಳಲ್ಲಿ ಎರಡು ಸಂಗತಿಗಳು ಮುಂದೆ ನಿಂತವು. ಮೊದಲನೆಯದು, ಚಿಕ್ಕಂದಿನಲ್ಲಿ ಅಥವಾ ಹರೆಯದಲ್ಲಿ ತಮ್ಮದೆನಿಸಿದ್ದ ಒಂದು ಜಾಗ. ಎರಡನೆಯದು, ಆ ಜಾಗವನ್ನು ಪ್ರೀತಿಸುತ್ತಿದ್ದ ಮನೆಯ ಹಿರಿಯರೊಬ್ಬರು. ಕಣ್ಣೆದುರೇ ಆ ಜಾಗ ಹಾಳಾದದ್ದನ್ನು ನೋಡಿ ಹೋರಾಟಕ್ಕಿಳಿದವರೂ ಅವರಲ್ಲಿ ಇದ್ದರು.

ಇಂಥ ಅಧ್ಯಯನಗಳಲ್ಲಿ ಒಂದು ಕೊರತೆಯಿದೆ. ಪರಿಸರಕ್ಕಾಗಿ ದುಡಿಯುವವರನ್ನೇ ಹಿಡಿದು ಬಾಲ್ಯದ ಬಗ್ಗೆ ಕೇಳಿದರೆ ಅವರು ಹಳ್ಳ ಕಾಡುಗಳನ್ನೇ ನೆನೆಯುವುದು ಸಹಜ. ಅದೇ ಹಳ್ಳದಲ್ಲಿ ಆಡಿ ಬೆಳೆದು, ಮುಂದೆ ಅದೇ ಹಳ್ಳದ ಮರಳು ಮಾರಿದವರನ್ನು ಯಾರೂ ಕೇಳಿರುವುದಿಲ್ಲ. ನೆನಪು ಕೂಡ ಇಂದಿನ ಬದುಕಿಗೆ ಒಪ್ಪುವಂತೆ ಹಳೆಯದನ್ನು ತಿದ್ದಿಕೊಳ್ಳುತ್ತದೆ. ಈ ಆಕ್ಷೇಪಕ್ಕೆ ಉತ್ತರ ಸಿಗಬೇಕಾದರೆ ಮಕ್ಕಳನ್ನು ಎಳವೆಯಿಂದಲೇ ಹಿಂಬಾಲಿಸಿ ನೋಡಬೇಕು. ಗ್ಯಾರಿ ಎವಾನ್ಸ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಗ್ರಾಮಾಂತರದ ನೂರಕ್ಕೂ ಹೆಚ್ಚು ಮಕ್ಕಳನ್ನು 6ನೇ ವಯಸ್ಸಿನಲ್ಲಿ ಗಮನಿಸಿ, ಅವರಿಗೆ 18 ತುಂಬಿದಾಗ ಮತ್ತೆ ಭೇಟಿ ಮಾಡಿದರು. 2018ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಆರು ವರ್ಷದಲ್ಲಿ ಹೆಚ್ಚು ಹೊತ್ತು ಹೊರಗೆ ಕಳೆದ ಮಕ್ಕಳು ಹದಿನೆಂಟರಲ್ಲಿ ಪರಿಸರಕ್ಕೆ ಹಿತವಾದ ನಡವಳಿಕೆಯನ್ನು ಹೆಚ್ಚಾಗಿ ರೂಢಿಸಿಕೊಂಡಿದ್ದರು. ತಾಯಿಯ ಮನೋಭಾವ ಮತ್ತು ಓದಿಗೂ ಇದರಲ್ಲಿ ಪಾಲಿತ್ತು. ಗುಂಪು ಚಿಕ್ಕದು, ನಿಜ. ಆದರೆ ಇಲ್ಲಿ ನೆನಪಿನ ತಿದ್ದುಪಡಿಗೆ ಆಸ್ಪದವಿರಲಿಲ್ಲ.

ಒಡನಾಟದ ಬಗೆಯೂ ಮುಖ್ಯವೆಂದು ತೋರಿಸಿದವರು ನ್ಯಾನ್ಸಿ ವೆಲ್ಸ್ ಮತ್ತು ಕ್ರಿಸ್ಟಿ ಲೀಕಿಸ್. ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ನಗರಗಳಲ್ಲಿ ವಾಸಿಸುವ, 18ರಿಂದ 90 ವರ್ಷದೊಳಗಿನ ಸುಮಾರು 2000 ಜನರಿದ್ದರು. ಹನ್ನೊಂದು ತುಂಬುವ ಮೊದಲು ಅವರಿಗೆ ಸಿಕ್ಕ ಹಸಿರಿನ ಅನುಭವವನ್ನು ಎರಡಾಗಿ ವಿಂಗಡಿಸಲಾಯಿತು. ಕಾಡಿನಲ್ಲಿ ಅಲೆಯುವುದು, ಬಯಲಲ್ಲಿ ಡೇರೆ ಹಾಕಿ ಮಲಗುವುದು, ಮೀನು ಹಿಡಿಯುವುದು, ಬೇಟೆಯಾಡುವುದು ಒಂದು ಬಗೆ. ಗಿಡ ನೆಡುವುದು, ಹೂ ಬಿಡಿಸುವುದು, ಕೈತೋಟ ನೋಡಿಕೊಳ್ಳುವುದು ಇನ್ನೊಂದು ಬಗೆ. ದೊಡ್ಡವರಾದ ಮೇಲಿನ ಪರಿಸರ ಕಾಳಜಿಯೊಂದಿಗೆ ಎರಡಕ್ಕೂ ಸಂಬಂಧ ಕಂಡುಬಂತು. ಮೊದಲ ಬಗೆಯ ಸಂಬಂಧ ಹೆಚ್ಚು ಗಟ್ಟಿಯಾಗಿತ್ತು. ಬಾಲ್ಯದ ಪರಿಸರ ಪಾಠಗಳು ಮಾತ್ರ ಅಂಥ ಗುರುತು ಉಳಿಸಿರಲಿಲ್ಲ.

ಮೀನು ಹಿಡಿಯುವುದು, ಬೇಟೆಯಾಡುವುದು ಕಾಳಜಿಗೆ ದಾರಿಯಾಗುವುದು ಹೇಗೆ ಎಂದು ಅಚ್ಚರಿಪಡುವವರಿಗೆ ಪಕ್ಷಿವಿಜ್ಞಾನಿ ಸಲೀಂ ಅಲಿ ಅವರ ಬಾಲ್ಯವೇ ಉತ್ತರ. 1896ರಲ್ಲಿ ಹುಟ್ಟಿ, ಬಹುಬೇಗ ತಂದೆ ತಾಯಿಯನ್ನು ಕಳೆದುಕೊಂಡ ಅವರು ಬೆಳೆದದ್ದು ಮುಂಬಯಿಯಲ್ಲಿ, ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ. ಹತ್ತು ವರ್ಷದ ಆಸುಪಾಸಿನ ಹುಡುಗ ಒಂದು ದಿನ ಆಟದ ಏರ್‌ಗನ್ನಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದು ಉರುಳಿಸಿದ. ಎತ್ತಿ ನೋಡಿದರೆ ಅದರ ಗಂಟಲಲ್ಲಿ ಹಳದಿ ಮಚ್ಚೆ. ಮನೆಯ ಸುತ್ತ ಕಾಣುವ ಗುಬ್ಬಿಗಳಿಗೆ ಅದಿರಲಿಲ್ಲ. ಮಾವ ಗದರಿ ಸುಮ್ಮನಾಗಿಸಲಿಲ್ಲ; ಹಕ್ಕಿಯನ್ನು ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿ ಕಾರ್ಯದರ್ಶಿಯಾಗಿದ್ದ ಡಬ್ಲ್ಯೂ. ಎಸ್. ಮಿಲ್ಲರ್ಡ್ ಹುಡುಗನನ್ನು ಕೂರಿಸಿಕೊಂಡು, ಅದು ಯಾವ ಗುಬ್ಬಿಯೆಂದು ತಿಳಿಸಿ, ಹುಲ್ಲು ತುಂಬಿಟ್ಟ ಹಕ್ಕಿಗಳ ಖಾನೆಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಮುಂದೆ ಇಡೀ ಭಾರತದ ಹಕ್ಕಿಗಳ ಲೆಕ್ಕ ಬರೆದ, 1939–40ರಲ್ಲಿ ಮೈಸೂರು ಸಂಸ್ಥಾನದ ಕಾಡುಮೇಡುಗಳಲ್ಲೂ ಹಕ್ಕಿ ಸಮೀಕ್ಷೆ ನಡೆಸಿದ ವಿಜ್ಞಾನಿಯ ಬದುಕು ತಿರುಗಿದ್ದು ಅಲ್ಲಿ. 1985ರಲ್ಲಿ ಬಂದ ತಮ್ಮ ಆತ್ಮಕಥೆಯ ಹೆಸರಿನಲ್ಲೂ ಅವರು ಆ ಗುಬ್ಬಿಯನ್ನು ಉಳಿಸಿಕೊಂಡರು.

ಹುಡುಗನ ಕೈಯಲ್ಲಿ ಒಂದು ಹಕ್ಕಿ, ಅವನ ಪ್ರಶ್ನೆಯನ್ನು ಹಗುರವಾಗಿ ಕಾಣದ ಇಬ್ಬರು ದೊಡ್ಡವರು: ಸಲೀಂ ಅಲಿಯವರ ಕಥೆಯಲ್ಲಿ ಇವೆರಡೂ ಕೂಡಿದವು. ಒಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲವೇನೋ.

ಕೈಯಲ್ಲಿ ಹಿಡಿಯುವುದು ಏಕೆ ಅಷ್ಟು ದೊಡ್ಡ ಮಾತು? ಗೊದಮೊಟ್ಟೆಗಳನ್ನು ಬೊಗಸೆಯಲ್ಲಿ ಹಿಡಿದ ಮಗುವಿಗೆ ನೀರಿನ ತಂಪು, ಪಾಚಿಯ ಜಾರು, ಮೈ ಒದ್ದಾಡುವ ಕಚಗುಳಿ ಎಲ್ಲವೂ ಒಮ್ಮೆಗೇ ಸಿಗುತ್ತವೆ. ನಾಲ್ಕು ದಿನ ಬಿಟ್ಟು ಹೋದರೆ ಅವಕ್ಕೆ ಕಾಲು ಮೂಡಿರುತ್ತವೆ. ಮತ್ತೆ ಹೋಗಲೇಬೇಕು ಅನ್ನಿಸುತ್ತದೆ. ಮರ ಹತ್ತುವ ಮಗು ಯಾವ ಕೊಂಬೆ ತನ್ನ ಭಾರ ತಡೆಯುತ್ತದೆ ಎಂಬುದನ್ನು ಮೈಯಿಂದಲೇ ಕಲಿಯುತ್ತದೆ. ನುಗ್ಗೆಮರದ ಕೊಂಬೆ ಲಟಕ್ಕನೆ ಮುರಿಯುತ್ತದೆ, ಹುಣಸೆಯದು ಬಾಗಿದರೂ ಮುರಿಯುವುದಿಲ್ಲ. ಹೀಗೆ ಬರುವ ತಿಳಿವಳಿಕೆಯ ಜೊತೆಗೇ ತನ್ನ ಮೇಲೆ ತನಗೊಂದು ಭರವಸೆ ಬರುತ್ತದೆ. ಚಾವ್ಲಾ ತಮ್ಮ ಬರಹಗಳಲ್ಲಿ ಒತ್ತಿ ಹೇಳುವುದು ಇದನ್ನೇ: ಪ್ರಕೃತಿಯಲ್ಲಿ ತಾನು ಏನೋ ಮಾಡಬಲ್ಲೆ, ಅದು ತನಗೆ ಮಾರುತ್ತರ ಕೊಡುತ್ತದೆ ಎಂಬ ಅನುಭವ ಮಗುವನ್ನು ಮತ್ತೆ ಅಲ್ಲಿಗೇ ಎಳೆಯುತ್ತದೆ.

ಈ ಅನುಭವ ಸಿಗದಿದ್ದರೆ ಅದರ ಜಾಗಕ್ಕೆ ಅಂಜಿಕೆಯೂ ಹೇಸಿಗೆಯೂ ಬಂದು ಕೂರುತ್ತವೆ. 1997ರಲ್ಲಿ ರಾಬರ್ಟ್ ಬಿಕ್ಸ್ಲರ್ ಮತ್ತು ಮೈರನ್ ಫ್ಲಾಯ್ಡ್ ಅಮೆರಿಕದ ಶಾಲಾ ಮಕ್ಕಳಲ್ಲಿ ಇದನ್ನು ಅಳೆದು ನೋಡಿದರು. ಕಾಡೆಂದರೆ ಹೆದರುವ, ಹುಳುಹುಪ್ಪಟೆಗೆ ಹೇಸುವ ಮಕ್ಕಳು ಕಾಡುಮೇಡು ಬೇಡವೆಂದು ಕತ್ತರಿಸಿ ನಯಗೊಳಿಸಿದ ಉದ್ಯಾನವನ್ನೋ ಮನೆಯೊಳಗಿನ ಚಟುವಟಿಕೆಯನ್ನೋ ಆರಿಸಿಕೊಳ್ಳುತ್ತಿದ್ದರು. ಕರ್ನಾಟಕದ ಹಳ್ಳಿಗಳಲ್ಲಿ ಹೊಲದಲ್ಲಿ ಓಡಾಡಿ ಬೆಳೆದವರು ಕೇರೆಹಾವಿಗೂ ನಾಗರಹಾವಿಗೂ ಇರುವ ವ್ಯತ್ಯಾಸವನ್ನು ದೂರದಿಂದಲೇ ಹೇಳುತ್ತಾರೆ. ಮೊದಲನೆಯದು ಇಲಿ ಹಿಡಿಯಲು ಬಂದಿದೆಯೆಂದು ಅದರ ಪಾಡಿಗೆ ಬಿಡುತ್ತಾರೆ. ಅಂಥ ತಿಳಿವಳಿಕೆಗೆ ಅವಕಾಶವೇ ಇಲ್ಲದೆ ಬೆಳೆದವರಿಗೆ ಹಾವೆಂದರೆ ಎಲ್ಲವೂ ಒಂದೇ, ಬಡಿಗೆಯೂ ಒಂದೇ. ಬಡಾವಣೆಯ ಹೊಂಗೆ ಮರಕ್ಕೆ ಕಂಬಳಿಹುಳು ಹತ್ತಿತೆಂದು ಮರವನ್ನೇ ಕಡಿಸಲು ಅರ್ಜಿ ಹಾಕುವ ಮನಸ್ಸಿನ ಮೂಲವೂ ಇಂಥ ಅಪರಿಚಯವೇ.

ಮಗುವಿನ ಜೊತೆ ನಿಲ್ಲುವ ದೊಡ್ಡವರು ಪಂಡಿತರಾಗಿರಬೇಕಿಲ್ಲ. ಇದನ್ನು ಸೊಗಸಾಗಿ ಹೇಳಿದವರು, 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದು ಕೀಟನಾಶಕಗಳ ಕೇಡನ್ನು ಜಗತ್ತಿಗೆ ತಿಳಿಸಿದ ರೇಚಲ್ ಕಾರ್ಸನ್. ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್‌ನಲ್ಲಿ ಅವರ ಮನೆಯ ಸುತ್ತ ಸುಮಾರು 65 ಎಕರೆ ತೋಟ ಕಾಡುಗಳಿದ್ದವು. ತಾಯಿ ಮರಿಯಾ ಮಗಳನ್ನು ಅಲ್ಲೆಲ್ಲ ಸುತ್ತಾಡಿಸುತ್ತಿದ್ದರು. ಮುಂದೆ ಕಾರ್ಸನ್ ತಮ್ಮ ಅಕ್ಕನ ಮೊಮ್ಮಗ ರೋಜರ್ ಇನ್ನೂ ಎರಡು ತುಂಬದ ಕೂಸಾಗಿದ್ದಾಗ, ಮಳೆಯ ಕತ್ತಲಲ್ಲಿ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮೇಯ್ನ್ ರಾಜ್ಯದ ಕಡಲ ದಂಡೆಗೆ ಒಯ್ದರು. ಅದರ ಬಗ್ಗೆ 1956ರಲ್ಲಿ ಬರೆದ ಲೇಖನದಲ್ಲಿ ಅವರು ಹೇಳಿದ ಮಾತಿನ ಸಾರ ಇಷ್ಟು: ಮಗುವಿನ ಹುಟ್ಟು ಬೆರಗು ಉಳಿಯಬೇಕಾದರೆ ಅದನ್ನು ಹಂಚಿಕೊಳ್ಳುವ ಒಬ್ಬ ಹಿರಿಯರಾದರೂ ಬೇಕು; ಹೆಸರುಗಳು ಆಮೇಲೆ ಬರುತ್ತವೆ. ಚಾವ್ಲಾ ಮಾತಾಡಿಸಿದವರ ನೆನಪುಗಳೂ ಇದಕ್ಕೆ ಹೊಂದುತ್ತವೆ. ಅವರ ಅಪ್ಪ, ಅಜ್ಜಿ, ಚಿಕ್ಕಪ್ಪಂದಿರು ಪಾಠ ಮಾಡಿದ್ದು ಕಡಿಮೆ. ನಡೆಯುತ್ತಾ ನಿಂತು ಒಂದು ಹೂವನ್ನು ಬಗ್ಗಿ ನೋಡುತ್ತಿದ್ದರು, ಹೊರಗೆ ಇರುವುದರಲ್ಲೇ ಖುಷಿಪಡುತ್ತಿದ್ದರು, ಸುಮ್ಮನೆ ಹಾಳುಮಾಡುವವರನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದರು. ಮಕ್ಕಳು ಅದನ್ನೇ ನೋಡಿ ಕಲಿತರು.

ಪಾಶ್ಚಾತ್ಯ ಅಧ್ಯಯನಗಳು ಬಾಲ್ಯದ ಒಡನಾಟವನ್ನು ಬಹುತೇಕ ಆಟ ಮತ್ತು ವಿಹಾರವೆಂದೇ ಕಾಣುತ್ತವೆ. ಭಾರತದಲ್ಲಿ ಅಸಂಖ್ಯ ಮಕ್ಕಳಿಗೆ, ಅದರಲ್ಲೂ ಬಡವರ ಮನೆಯ ಹೆಣ್ಣುಮಕ್ಕಳಿಗೆ, ಕಾಡಿನ ಪರಿಚಯ ಆದದ್ದು ದುಡಿಮೆಯ ಮೂಲಕ: ಸೌದೆ ತರುವುದು, ದರಗು ಗುಡಿಸುವುದು, ದನ ಮೇಯಿಸುವುದು. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಬದುಕು ಇದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಹಾಲಕ್ಕಿ ಒಕ್ಕಲಿಗ ಸಮುದಾಯದ ಅವರು ತೀರ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು, ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಸಸ್ಯಪಾಲನಾ ಕ್ಷೇತ್ರದಲ್ಲಿ ಕೂಲಿ ಮಾಡುತ್ತಿದ್ದ ತಾಯಿಯ ಬೆನ್ನು ಹಿಡಿದು ಹೋಗಿ ಬೀಜ, ಮಣ್ಣು, ಸಸಿಗಳ ನಡುವೆ ಬೆಳೆದರು. ಮುಂದೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿಯಾಗಿ ದುಡಿದು ಆಮೇಲೆ ಕಾಯಂ ಆದರು. ಕಾಡಿನಲ್ಲಿ ಬೀಜಕ್ಕೆ ಯೋಗ್ಯವಾದ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯ್ದರೆ ಮೊಳಕೆ ಚೆನ್ನಾಗಿ ಒಡೆಯುತ್ತದೆ ಎಂಬ ವಿಷಯದಲ್ಲಿ ಅಧಿಕಾರಿಗಳೂ ಅವರ ಮಾತಿಗೆ ಕಾಯುತ್ತಿದ್ದರು. ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಅವರು ಬರಿಗಾಲಲ್ಲಿ, ತಮ್ಮ ಸಮುದಾಯದ ಉಡುಗೆಯಲ್ಲೇ ನಡೆದು ಹೋದದ್ದನ್ನು ದೇಶವೇ ನೋಡಿತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಬಾಲಕಾರ್ಮಿಕತನವನ್ನು ಹೊಗಳಲು ಅವರ ಕಥೆಯನ್ನು ಬಳಸುವುದು ಅನ್ಯಾಯ. ಆ ಮಗುವಿಗೆ ಶಾಲೆ ಸಿಗಬೇಕಿತ್ತು. ಹಾಗಿದ್ದರೂ ಹಸಿರಿನ ನಂಟು ಬಿಡುವಿದ್ದವರ ಸೊತ್ತಷ್ಟೇ ಅಲ್ಲ, ತಾಯಿಯ ಪಕ್ಕದಲ್ಲಿ ಕೆಲಸ ಮಾಡುತ್ತಲೂ ಅದು ಬೆಳೆಯುತ್ತದೆ ಎಂಬುದನ್ನು ಈ ಬದುಕು ಕಾಣಿಸಿದೆ.

ಬಾಲ್ಯ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸುತ್ತಣ ಲೋಕ ಹೇಗಿದ್ದರೆ ಸರಿ ಎಂಬ ಅಳತೆಗೋಲನ್ನು ಕೈಗೆ ಕೊಡುತ್ತದೆ. ಮನೋವಿಜ್ಞಾನಿ ಪೀಟರ್ ಕಾನ್ 1990ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಬಡ ಕೇರಿಗಳ ಮಕ್ಕಳೊಂದಿಗೆ ಮಾತಾಡಿದರು. ಗಾಳಿ ಕೆಡುವುದೆಂದರೇನೆಂದು ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಗೊತ್ತಿತ್ತು. ಆದರೆ ತಮ್ಮ ಊರಿನ ಗಾಳಿ ಕೆಟ್ಟಿದೆಯೆಂದು ಅವರಲ್ಲಿ ಬಹುಪಾಲು ಮಕ್ಕಳು ಒಪ್ಪಲಿಲ್ಲ. ಆಗ ಹ್ಯೂಸ್ಟನ್ನಿನ ಗಾಳಿ ಆ ದೇಶದಲ್ಲೇ ತೀರಾ ಕೆಟ್ಟದ್ದರ ಸಾಲಿನಲ್ಲಿತ್ತು. ಹುಟ್ಟಿದಾಗಿನಿಂದ ಉಸಿರಾಡಿದ್ದೇ ಅದನ್ನಾದ್ದರಿಂದ ಅವರಿಗೆ ಅದೇ ಸರಿಯಾದ ಗಾಳಿ. ಒಂದೊಂದು ಪೀಳಿಗೆಯೂ ತಾನು ಕಂಡಷ್ಟನ್ನೇ ಪೂರ್ಣವೆಂದು ಎಣಿಸುತ್ತಾ ಹೋಗುವ ಈ ಸ್ಥಿತಿಯನ್ನು ಕಾನ್ ಪರಿಸರದ ವಿಷಯದಲ್ಲಿ ತಲೆಮಾರುಗಳಿಗೆ ಬರುವ ಮರೆವು ಎಂದು ಕರೆದರು.

ಬೆಂಗಳೂರಿನಲ್ಲಿ ಈ ಮರೆವಿಗೆ ನಕ್ಷೆಯನ್ನೇ ಬರೆಯಬಹುದು. ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಎದ್ದದ್ದು ಸಂಪಂಗಿ ಕೆರೆಯ ಜಾಗದಲ್ಲಿ. ಅಲ್ಲಿ ಬಸ್ಸು ಹತ್ತುವ ಇಂದಿನ ಹುಡುಗಿಗೆ ಕೆರೆ ಹೋಯಿತೆಂಬ ಕೊರಗು ಬರಲು ಕಾರಣವೇ ಇಲ್ಲ, ಅವಳು ಕೆರೆಯನ್ನು ಕಂಡೇ ಇಲ್ಲ. ನೊರೆ ತುಂಬಿದ ಕೆರೆಯ ಪಕ್ಕ ಬೆಳೆಯುವ ಮಗುವಿಗೆ ಕೆರೆಯೆಂದರೆ ನೊರೆಯೇ ಆಗಿಬಿಡುವ ಅಪಾಯವಿದೆ. ಮಕ್ಕಳಿಗೆ ಒಳ್ಳೆಯ ಸ್ಥಿತಿಯಲ್ಲಿರುವ ಒಂದಾದರೂ ಕೆರೆ, ಒಂದಾದರೂ ತೋಪು ಊರಿನಲ್ಲೇ ನೋಡಲು ಸಿಗಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಮಕ್ಕಳು ಹೊರಗೆ ಇರುವ ಹೊತ್ತು ಕಡಿಮೆಯಾಗಿದೆಯೆಂಬ ಮಾತಿಗೆ ಇಂಗ್ಲೆಂಡಿನಲ್ಲಿ ಅಳತೆಯ ಆಧಾರವಿದೆ. ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದಂತೆ, 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ದೊಡ್ಡವರ ಕಾವಲಿಲ್ಲದೆ ಶಾಲೆಗೆ ಹೋಗುತ್ತಿದ್ದರು. ಎರಡು ದಶಕ ಕಳೆಯುವಷ್ಟರಲ್ಲಿ ಅದು ಶೇ. 9ಕ್ಕೆ ಇಳಿದಿತ್ತು. ಮುಖ್ಯ ಕಾರಣ ವಾಹನಗಳ ಭಯ. ಅದೇ ದೇಶದಲ್ಲಿ ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಸಂಗಡಿಗರು ಮಕ್ಕಳಿಗೆ ಪೋಕೆಮಾನ್ ಪಾತ್ರಗಳ ಮತ್ತು ಊರ ಸುತ್ತಲಿನ ಗಿಡ, ಪ್ರಾಣಿಗಳ ಚಿತ್ರಪಟಗಳನ್ನು ತೋರಿಸಿ ಹೆಸರು ಕೇಳಿದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ಎಂಟು ವರ್ಷದ ಮಕ್ಕಳು ಪೋಕೆಮಾನ್‌ಗಳಲ್ಲಿ ಶೇ. 80ರ ಹತ್ತಿರ ಗುರುತಿಸಿದ್ದರು, ಜೀವಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ನೂರಾರು ರೂಪಗಳನ್ನು ಕಲಿತು ನೆನಪಿಡುವ ಶಕ್ತಿ ಮಕ್ಕಳಲ್ಲಿ ಕುಗ್ಗಿಲ್ಲ ಎಂಬುದನ್ನೂ ಇದರಲ್ಲಿ ಗಮನಿಸಬೇಕು. ಕಲಿಯಲು ಎದುರಿಗಿರುವುದು ಬೇರೆ, ಅಷ್ಟೆ.

ಚಿಟ್ಟೆಗಳ ತಜ್ಞ ರಾಬರ್ಟ್ ಪೈಲ್ 1993ರ ತಮ್ಮ ‘ದಿ ಥಂಡರ್ ಟ್ರೀ’ ಪುಸ್ತಕದಲ್ಲಿ ಈ ನಷ್ಟವನ್ನು ಅನುಭವದ ಅಳಿವು ಎಂದು ವಿವರಿಸಿದರು. ಅವರು ಹೇಳುವಂತೆ, ಒಂದು ಜೀವಿ ಜಗತ್ತಿನಿಂದಲೇ ಅಳಿಯಬೇಕಿಲ್ಲ. ಮಗು ನಡೆದು ಹೋಗಬಲ್ಲಷ್ಟು ದೂರದಿಂದ ಮರೆಯಾದರೆ ಆ ಮಗುವಿನ ಪಾಲಿಗೆ ಅದು ಅಳಿದಂತೆಯೇ. ಕಾಣದವರಿಗೆ ಕಾಳಜಿ ಇಲ್ಲ; ಕಾಳಜಿ ಇಲ್ಲದ ಕಡೆ ಇನ್ನಷ್ಟು ಅಳಿಯುತ್ತದೆ; ಅಲ್ಲಿಗೆ ಮುಂದಿನ ಮಕ್ಕಳಿಗೆ ಕಾಣುವುದು ಮತ್ತೂ ಕಡಿಮೆ. ಪೈಲ್ ಅವರನ್ನು ಬೆಳೆಸಿದ್ದು ಯಾವ ಮಹಾರಣ್ಯವೂ ಅಲ್ಲ, ಡೆನ್ವರ್ ನಗರದ ಹೊರವಲಯದಲ್ಲಿ ಹರಿಯುವ ಹೈಲೈನ್ ಎಂಬ ನೀರಾವರಿ ಕಾಲುವೆಯ ದಡ. ಖಾಲಿ ನಿವೇಶನ, ಕಾಲುವೆ ಏರಿ, ರೈಲುಹಳಿಯ ಬದಿಯ ಪೊದೆ ಇಂಥ ಯಾರೂ ಲೆಕ್ಕಕ್ಕಿಡದ ಜಾಗಗಳಿಗೆ ಅವರು ಕೊಟ್ಟ ಬೆಲೆ ನಗರ ಕಟ್ಟುವವರಿಗೆ ಇನ್ನೂ ತಲುಪಿಲ್ಲ. ಬಡಾವಣೆಗಳ ಉದ್ಯಾನಗಳಲ್ಲಿ ಹುಲ್ಲು ತುಳಿಯಬೇಡಿ, ಹೂ ಮುಟ್ಟಬೇಡಿ ಎಂಬ ಫಲಕಗಳೇ ಮಕ್ಕಳನ್ನು ಎದುರುಗೊಳ್ಳುತ್ತವೆ.

ಶಾಲೆಗಳು ಈ ಕೊರತೆಯನ್ನು ತುಂಬಬಲ್ಲವೇ? ವಕೀಲ ಎಂ. ಸಿ. ಮೆಹ್ತಾ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಅದರಂತೆ ಪಠ್ಯ ಬಂದಿದೆ, ಪರೀಕ್ಷೆ ಬಂದಿದೆ, ಚಿತ್ರ ಅಂಟಿಸಿದ ಪ್ರಾಜೆಕ್ಟ್ ಫೈಲುಗಳೂ ಬಂದಿವೆ. ತಿಳಿವಳಿಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದರಿಂದಲೇ ನಡವಳಿಕೆ ಬದಲಾಗುವುದಿಲ್ಲ. ಸಿಗ್‌ಮಾರ್ ಒಟ್ಟೋ ಮತ್ತು ಪಮೇಲಾ ಪೆನ್ಸಿನಿ ಬರ್ಲಿನ್‌ನ ಸುಮಾರು 250 ಶಾಲಾ ಮಕ್ಕಳಲ್ಲಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿತು. ಪರಿಸರಕ್ಕೆ ಹಿತವಾದ ನಡವಳಿಕೆಯಲ್ಲಿ ಮಗುವಿನಿಂದ ಮಗುವಿಗೆ ಕಂಡ ವ್ಯತ್ಯಾಸದಲ್ಲಿ ತಿಳಿವಳಿಕೆ ವಿವರಿಸಿದ್ದು ಶೇ. 2ರಷ್ಟನ್ನು, ಪ್ರಕೃತಿಯೊಂದಿಗಿನ ನಂಟು ವಿವರಿಸಿದ್ದು ಶೇ. 69ರಷ್ಟನ್ನು.

ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಲ್ಕನೇ ತರಗತಿಗೆ ಮುಂಚೆ ಮಕ್ಕಳ ಮುಂದೆ ಪರಿಸರದ ದುರಂತಗಳನ್ನು ಹರಡುವುದೇ ಬೇಡವೆಂದು 1996ರಲ್ಲಿ ವಾದಿಸಿದರು. ಅಂಗಳದ ಚಿಟ್ಟೆಯ ಪರಿಚಯವಿಲ್ಲದ ಮಗುವಿಗೆ ದೂರದ ಮಳೆಕಾಡು ಉರಿಯುವ ಸುದ್ದಿ ಹೇಳಿದರೆ ಉಳಿಯುವುದು ಅಸಹಾಯಕತೆ ಮಾತ್ರ, ಕೊನೆಗೆ ಮಗು ಆ ವಿಷಯಕ್ಕೇ ಬೆನ್ನು ತಿರುಗಿಸುತ್ತದೆ ಎಂಬುದು ಅವರ ಆತಂಕ. ಶಾಲೆ ಮಾಡಬಹುದಾದದ್ದು ಬೇರೆ ಇದೆ. ಸೀಸನ್‌ವಾಚ್ ಎಂಬ ಭಾರತದ ನಾಗರಿಕ ವಿಜ್ಞಾನ ಯೋಜನೆಯಲ್ಲಿ ಮಕ್ಕಳು ಒಂದು ಮರವನ್ನು ಆರಿಸಿಕೊಂಡು, ಅದು ಎಲೆ ಉದುರಿಸುವುದು, ಚಿಗುರುವುದು, ಹೂವಾಗಿ ಕಾಯಿ ಬಿಡುವುದನ್ನು ವಾರವಾರವೂ ಬರೆದಿಡುತ್ತಾರೆ. ಆ ಟಿಪ್ಪಣಿಗಳು ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ನೆರವಾಗುತ್ತವೆ. ಒಂದೇ ಮರದ ಬಳಿಗೆ ವರ್ಷವಿಡೀ ಹೋಗಿ ಬರುವ ಮಗುವಿಗೆ ಸಿಗುವುದು ಅದಕ್ಕಿಂತ ಹೆಚ್ಚಿನದು.

ಚಿಕ್ಕಂದಿನಲ್ಲಿ ಬೆಳೆದ ನಂಟು ಹಾಗೆಯೇ ನೇರವಾಗಿ ದೊಡ್ಡತನಕ್ಕೆ ದಾಟಿ ಬರುವುದಿಲ್ಲ. ಬ್ರಿಟನ್ನಿನಲ್ಲಿ ಮೈಲ್ಸ್ ರಿಚರ್ಡ್‌ಸನ್ ಮತ್ತು ಸಂಗಡಿಗರ ಅಳತೆಯಲ್ಲಿ ಅದು ಹತ್ತು ಹನ್ನೊಂದರ ಸುಮಾರಿಗೆ ಇಳಿಯತೊಡಗಿ, ಹದಿನೈದು ಹದಿನಾರರಲ್ಲಿ ತಳ ಮುಟ್ಟಿ, ಆಮೇಲೆ ನಿಧಾನವಾಗಿ ಮೇಲೇರಿತು. ಹರೆಯದವರ ಮನಸ್ಸು ಗೆಳೆಯರ ಕಡೆಗೂ ತಮ್ಮ ಮುಂದಿನ ದಾರಿಯ ಕಡೆಗೂ ತಿರುಗುವ ಕಾಲ ಅದು. ಇಲ್ಲಿ ಅದರ ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ, ಟ್ಯೂಷನ್ನುಗಳ ಒತ್ತಡವೂ ಸೇರಿಕೊಳ್ಳುತ್ತದೆ. ಹತ್ತರೊಳಗೆ ಗಟ್ಟಿಯಾದ ನಂಟು ಇದ್ದವರಿಗೆ ಮತ್ತೆ ಮರಳಲು ಒಂದು ನೆಲೆ ಇರುತ್ತದೆ.

ಆ ನೆಲೆ ಇಲ್ಲದೆ ಬೆಳೆದವರಿಗೆ ಬಾಗಿಲು ಮುಚ್ಚಿತೆಂದು ತಿಳಿಯಬೇಕಿಲ್ಲ. ಬ್ರಿಟನ್ನಿನ ವೈಲ್ಡ್‌ಲೈಫ್ ಟ್ರಸ್ಟ್‌ಗಳು 2015ರಿಂದ ಜೂನ್ ತಿಂಗಳಿಡೀ ದಿನಕ್ಕೊಂದು ಸಣ್ಣ ಕೆಲಸದ ಮೂಲಕ ಜನರನ್ನು ಪ್ರಕೃತಿಯ ಹತ್ತಿರ ತರುವ ಕಾರ್ಯಕ್ರಮ ನಡೆಸುತ್ತಿವೆ. ಭಾಗವಹಿಸಿದ ದೊಡ್ಡವರಲ್ಲಿ ನಂಟು ಹೆಚ್ಚಿತು, ತಿಂಗಳು ಮುಗಿದ ಮೇಲೂ ಉಳಿಯಿತು. ಮೊದಲು ತೀರ ಕಡಿಮೆ ನಂಟು ಇದ್ದವರಲ್ಲೇ ಏರಿಕೆ ಹೆಚ್ಚು. ಹಾಗೆ ನಂಟು ಬೆಳೆಸುವ ದಾರಿಗಳು ಯಾವುವೆಂದು ರಿಚರ್ಡ್‌ಸನ್ ಅವರ ತಂಡ 2017ರಲ್ಲಿ ಹುಡುಕಿದಾಗ ಐದು ಸಿಕ್ಕವು: ಇಂದ್ರಿಯಗಳ ಮೂಲಕ ಮುಟ್ಟುವುದು, ಅಕ್ಕರೆ, ಚೆಲುವನ್ನು ಸವಿಯುವುದು, ಅದರಲ್ಲಿ ಬದುಕಿನ ಅರ್ಥ ಕಾಣುವುದು, ಇತರ ಜೀವಗಳ ಬಗ್ಗೆ ಕರುಣೆ. ಹೆಸರು, ವರ್ಗ, ಮಾಹಿತಿಗಳನ್ನು ಕಲಿಸುವ ಚಟುವಟಿಕೆಗಳಿಂದ ಮಾತ್ರ ಅಂಥ ಏರಿಕೆ ಕಾಣಲಿಲ್ಲ. ದೊಡ್ಡವರಲ್ಲಿ ಕೆಲಸ ಮಾಡಿದ ಈ ಐದೂ ಮಳೆ ನಿಂತ ಮೇಲೆ ಹೊರಗೆ ಆಡಲು ಬಿಟ್ಟ ಮಗುವಿಗೆ ಯಾರೂ ಹೇಳಿಕೊಡದೆಯೇ ಸಿಗುವಂಥವು.